ಹೆಸರಿಲ್ಲದ ಪತ್ರಗಳ ತಿಪ್ಪೆ

ಚಂದ್ರನ ಮೇಲೆ ರೊಟ್ಟಿ ಬಡಿಯುವುದು ಹುಡುಗಾಟದ ಕೆಲಸವಲ್ಲ. ಭೂಮಿಯ ಮೇಲೆ ಬಡಿದ ಹಾಗೆ ಬಡಿದರೆ ರೊಟ್ಟಿ ಹಲಗೆಯ ಮೇಲೇ ಉಳಿಯುತ್ತದೆ, ಬಡಿಯುವವಳು ಮೇಲೇಳುತ್ತಾಳೆ. ಅಲ್ಲಿ ಮನುಷ್ಯನ ತೂಕ ಆರರಲ್ಲಿ ಒಂದು ಪಾಲು. ಸಿಟ್ಟು ಮಾತ್ರ ಪೂರ್ತಿ ತೂಕದ್ದು. ಬಂದ ಹೊಸದರಲ್ಲಿ ಸಾವಂತ್ರೆವ್ವ ಚಾವಣಿಗೆ ತಲೆ ಬಡಿಸಿಕೊಂಡು ಚಂದ್ರನನ್ನೂ ಕಂಪನಿಯನ್ನೂ ಕೂಡಿಸಿ ಬೈದಿದ್ದಳು. ಈಗ ನೆಲದ ಕೊಂಡಿಗೆ ಸೊಂಟದ ಪಟ್ಟಿ ಬಿಗಿದುಕೊಂಡು ಕೂತಳೆಂದರೆ ಕರಿಗಲ್ಲೂರಿನ ಇಡೀ ಊಟದ ಮನೆಗೆ ಸಾಲುವಷ್ಟು ಬಡಿದೇ ಏಳುತ್ತಿದ್ದಳು.

ಕರಿಗಲ್ಲೂರು ಎಂದರೆ ಒಂದು ಸುರಂಗ. ಯಾವ ಕಾಲದಲ್ಲೋ ಲಾವಾರಸ ಹರಿದುಹೋಗಿ ಟೊಳ್ಳಾದ ಜಾಗ. ಕಂಪನಿಯವರು ಅದರ ಬಾಯಿ ಮುಚ್ಚಿ, ಒಳಗೆ ಗಾಳಿ ತುಂಬಿ, ಓಣಿ ಮಾಡಿ ಮನೆ ಕಟ್ಟಿದ್ದರು. ಹೊರಗೆ ಕರಿಕಲ್ಲಿನ ಗಣಿ. ನೌಕೆಗಳು ಇಳಿಯುವ ಕಟ್ಟೆಗೆ ಕಲ್ಲು ಬೇಕಿತ್ತು; ಕಲ್ಲಿನ ಕೆಲಸಕ್ಕೆ ಇಳಕಲ್ಲು, ಕುಷ್ಟಗಿ ಕಡೆಯ ಜನ ಬಂದರು. ಜನ ಬಂದ ಮೇಲೆ ಚಾ, ಜಗಳ, ಪಂಚಾಯಿತಿ ಎಲ್ಲವೂ ಅವರ ಹಿಂದೆಯೇ ಬಂದವು.

ಸಾವಂತ್ರೆವ್ವನ ಗಂಡ ಯಮನೂರಪ್ಪ ಕಲ್ಲು ಒಡೆಯುವವನಲ್ಲ, ಟಪಾಲಿನವನು. ಭೂಮಿಗೆ ಮಾತಾಡುವ ಹಾದಿಯನ್ನು ಕಂಪನಿ ಗಣಿಯ ಕೆಲಸಕ್ಕೆ ಮಾತ್ರ ಇಟ್ಟುಕೊಂಡಿತ್ತು. ಉಳಿದವರೆಲ್ಲ ಮನೆಮಂದಿಗೆ ಇಮೇಲ್ ಬರೆಯಬೇಕು. ಆ ಮೇಲ್‌ಗಳನ್ನು ಹೊತ್ತು ಹಾಕುವ ಸರ್ವರ್ ಇದ್ದ ಕೋಣೆ ಯಮನೂರಪ್ಪನದು. ಕಲಿತದ್ದು ಊರ ಸಾಲಿಯಲ್ಲಿ, ಆಮೇಲೆ ಐಟಿಐ, ಆಮೇಲೆ ಕಂಪನಿಯ ತರಬೇತಿ. ಕೆಲಸ ಗೊತ್ತಿತ್ತು, ನಾಲಿಗೆಯ ಮೇಲೆ ಹಿಡಿತವಿರಲಿಲ್ಲ.

ಆ ವಾರ ದವಾಖಾನೆಯ ಡಾಕ್ಟರು ಸಾವಂತ್ರೆವ್ವನ ಎಲುಬಿನ ಚಿತ್ರ ನೋಡಿ ಸುತ್ತುಬಳಸದೆ ಹೇಳಿದ್ದರು. ಹೊರಲು ತೂಕವಿಲ್ಲದ ಕಡೆ ಎಲುಬು ತೆಳುವಾಗುತ್ತದೆ. ಈಗ ಬರುತ್ತಿರುವ ನೌಕೆಯಲ್ಲಿ ಹೊರಟರೆ ಕಷ್ಟಪಟ್ಟಾದರೂ ಭೂಮಿಯ ಮೇಲೆ ನಡೆಯಬಹುದು. ಅದರ ಮುಂದಿನ ನೌಕೆಯ ಹೊತ್ತಿಗೆ ಗಡುವು ಮೀರಿರುತ್ತದೆ, ಆಮೇಲೆ ಸಾಯುವವರೆಗೂ ಇಲ್ಲೇ. ಹೋಗುವುದೋ ಇರುವುದೋ, ನೌಕೆ ಇಳಿಯುವ ಮೊದಲು ತಿಳಿಸಬೇಕು.

"ಇರೋದು ಅಂತ ಹೇಳಿಬಿಡ್ರಿ," ಎಂದಳು ಸಾವಂತ್ರೆವ್ವ, ತಾಟಿಗೆ ಪಲ್ಯ ನೀಡುತ್ತ. "ಅಲ್ಲಿ ನಮ್ಮನ್ನ ಕೇಳೋರು ಯಾರದಾರ?"

"ನಿಮ್ಮ ಅಕ್ಕ ಅದಾಳಲ್ಲ."

"ಅದಾಳ. ನನ್ನ ಪಾಲಿಗೆ ಇಲ್ಲ. ಎರಡು ವರ್ಷಾತು ಬರ್ಯಾಕತ್ತು. ಒಂದಕ್ಕರೆ ಉತ್ತರ ಬಂತೇನು? ಕರೀಲಾರದ ಮನಿಗೆ ಹೋಗಾಕ ನಾ ಏನ್ ಬೇಡಾಕ ಬಂದಾಕಿ ಅಲ್ಲ."

ಅಕ್ಕ ದುರಗವ್ವ ಇಳಕಲ್ಲಿನಲ್ಲಿ ಸೀರೆ ನೇಯುವವಳು. ತಾಯಿ ತೀರಿದ ಮೇಲೆ ತಂಗಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಸಾಕಿದವಳು. ಚಂದ್ರನಿಗೆ ಹೋಗುತ್ತೇವೆ ಎಂದಾಗ, "ಹೆಣ ಹೂಳಾಕೂ ಮಣ್ಣಿಲ್ಲದ ಊರಿಗೆ ಹೊಂಟಿಯಾ? ಹೋಗು, ಮತ್ತ ನನ್ನ ಕಡೆ ಹೊಳ್ಳಿ ನೋಡಬ್ಯಾಡ," ಎಂದು ಬಾಗಿಲು ಹಾಕಿಕೊಂಡಿದ್ದಳು. ಮೊದಲ ವರ್ಷ ಇಬ್ಬರೂ ಹಟ ಹಿಡಿದು ಬರೆಯಲಿಲ್ಲ. ಆಮೇಲೆ ತಂಗಿ ಸೋತು ಬರೆದಳು, ಮತ್ತೆ ಬರೆದಳು. ಅಕ್ಕನಿಂದ ಉಸಿರಿಲ್ಲ.

ಯಮನೂರಪ್ಪನಿಗೆ ಭೂಮಿಗೆ ಹೋಗುವ ಆಸೆ ಇತ್ತು. ಕಾಲು ಊರಿದರೆ ಊರಿದಲ್ಲೇ ನಿಲ್ಲುವ ನೆಲದ ಮೇಲೆ ನಡೆಯಬೇಕೆಂದು ಅವನಿಗೆ ಕನಸು ಬೀಳುತ್ತಿತ್ತು. ಆದರೆ ಹೆಂಡತಿಯನ್ನು ಬಿಟ್ಟು ಹೋಗುವ ಮಾತು ಕನಸಿನಲ್ಲೂ ಇರಲಿಲ್ಲ. "ಇನ್ನೂ ನೌಕೆ ಇಳಿದಿಲ್ಲ. ತಡಿ," ಎಂದಷ್ಟೇ ಹೇಳಿ ರೊಟ್ಟಿ ಮುರಿದ.

ಮರುದಿನ ಗಣಿಯ ಮೇಸ್ತ್ರಿ ಹುಸೇನಸಾಬ ಟಪಾಲಿನ ಕೋಣೆಗೆ ನುಗ್ಗಿದ. ಊರ ಪಂಚಾಯಿತಿಗೆ ಅವನೇ ಅಧ್ಯಕ್ಷ.

"ಯಮನೂರಪ್ಪಣ್ಣ, ಡ್ರಿಲ್ಲಿನ ಹಲ್ಲು ಬೇಕಂತ ಬರದು ಎಷ್ಟು ದಿನ ಆತು? ನೌಕೆಯ ಸಾಮಾನಿನ್ಯಾಗ ನಮ್ಮ ಹಲ್ಲಾ ಇಲ್ಲ. ಕೆಳಗ ಕೇಳಿದ್ರ ನಿಮ್ಮ ಪತ್ರಾನ ಬಂದಿಲ್ಲ ಅಂತಾರ."

"ಯಾವ ವಿಳಾಸಕ್ಕ ಬರದೀರಿ?"

ನೋಡಿದರೆ ವಿಳಾಸದಲ್ಲಿ ಒಂದು ಅಕ್ಷರ ಹೆಚ್ಚು. ಯಮನೂರಪ್ಪ ಹಲ್ಲು ಕಡಿದ. "ವಿಳಾಸಾ ತಪ್ಪು ಬರದು ನನ್ನ ಮ್ಯಾಲೆ ಯಾಕ ಬರ್ತೀರಿ?"

"ತಪ್ಪು ಬರದ್ರ ವಾಪಸ್ ಚೀಟಿ ಬರಬೇಕೋ ಬ್ಯಾಡೋ? ಮೊದಲೆಲ್ಲ ಬರ್ತಿತ್ತಲ್ಲ?"

ಹುಸೇನಸಾಬ ಹೇಳಿದ್ದು ಸರಿ. ಪತ್ರ ಮುಟ್ಟಬೇಕಾದವರು ಸಿಗದಿದ್ದರೆ ಆ ಕಡೆಯ ಸರ್ವರ್ ಸುಮ್ಮನಿರುವ ಹಾಗಿಲ್ಲ. 'ಇಂಥವರು ಇಲ್ಲಿಲ್ಲ, ನಿಮ್ಮ ಪತ್ರ ತೆಗೆದುಕೊಳ್ಳಿ' ಎಂದು ಬರೆದವನಿಗೆ ಚೀಟಿ ಕಳಿಸಬೇಕು. ಅಂಥ ಚೀಟಿಯನ್ನು ತಾನು ಕಂಡು ಎಷ್ಟು ಕಾಲವಾಯಿತು? ನೆನಪಾಗಲಿಲ್ಲ. ವಾಪಸ್ ಚೀಟಿ ಬರದಿದ್ದರೆ ಎಲ್ಲ ಪತ್ರವೂ ಮುಟ್ಟುತ್ತಿವೆ ಎಂದು ಹಿಗ್ಗುತ್ತ ಕೂತಿದ್ದ.

ಅವನು ಆಗಲೇ ಒಂದು ಪತ್ರ ಬರೆದ. ಇಲ್ಲದ ಊರಿನ, ಇಲ್ಲದ ಮನುಷ್ಯನಿಗೆ. ಅದು ಹೊರಟಿತು, ಹಸಿರು ದೀಪ ಹತ್ತಿತು. ಇಬ್ಬರೂ ಕೂತು ಚಾ ಕುಡಿದರು. ಮತ್ತೊಂದು ಚಾ ಕುಡಿದರು. ಇಲ್ಲದ ಮನುಷ್ಯ ಪತ್ರ ಇಟ್ಟುಕೊಂಡುಬಿಟ್ಟಿದ್ದ.

"ಇದು ಕೆಳಗಿನವರ ಕಿತಾಪತಿ," ಎಂದು ಯಮನೂರಪ್ಪ ಗಣಿಯ ಫೋನು ಎತ್ತಿದ.

ಭೂಮಿಯ ಠಾಣೆಯಲ್ಲಿ ಮೇಲ್ ನೋಡಿಕೊಳ್ಳುವವಳು ವಿನುತಾ, ಮೈಸೂರಿನ ಕಡೆಯವಳು. ಅವಳ ಜೊತೆ ಜಗಳವಾಡುವುದು ಅವನಿಗೆ ಯಾವತ್ತೂ ಆಗಿಬಂದಿರಲಿಲ್ಲ. ಮಾತು ಅಲ್ಲಿಗೆ ಮುಟ್ಟಿ ಮರುಮಾತು ಬರಲು ನಡುವೆ ಒಂದು ಉಸಿರು ಎಳೆದುಬಿಡುವಷ್ಟು ಹೊತ್ತು ಹಿಡಿಯುತ್ತದೆ. ಅಷ್ಟರಲ್ಲಿ ಸಿಟ್ಟು ಆರಿ ಹೋಗುತ್ತದೆ.

"ಮೇಡಂ, ನಮ್ಮ ವಾಪಸ್ ಚೀಟಿ ಎಲ್ಲಿ ನುಂಗಾಕತ್ತೀರಿ?"

ಉಸಿರು ಎಳೆದ, ಬಿಟ್ಟ.

"ನಾವ್ಯಾಕೆ ನುಂಗ್ಲಿ, ಯಮನೂರಪ್ಪನೋರೆ? ಈಗ ತಾನೇ ನಿಮ್ಮ ಪತ್ರ ಒಂದು ವಾಪಸ್ ಬಂತು. ಚೀಟಿ ಕಳ್ಸಿದೀವಿ. ನಿಮ್ಮ ಬಾಗಿಲ ತನಕ ಬಂದಿರೋದು ನಮ್ಮ ಕಡೆ ಕಾಣಿಸ್ತಿದೆ. ಬಾಗಿಲೊಳಗೇನಾಯ್ತು ಅಂತ ನೀವು ನೋಡ್ಕೊಳಿ."

ಅವನು ಬಾಗಿಲ ಹತ್ತಿರವೇ ನೋಡಿದ. ಭೂಮಿಯಿಂದ ಬಂದ ಮೇಲ್‌ಗಳೂ ಊರೊಳಗಿನ ಮೇಲ್‌ಗಳೂ ಮೊದಲು ಒಂದು ಜರಡಿಯ ಮೂಲಕ ಹಾದು ಬರುತ್ತಿದ್ದವು. ಇಲ್ಲದ ಮನುಷ್ಯನ ಚೀಟಿ ಅಲ್ಲಿಯವರೆಗೆ ಬಂದಿತ್ತು. ಅಲ್ಲಿಂದ ಪಕ್ಕಕ್ಕೆ ಬಿದ್ದಿತ್ತು. ಎಲ್ಲಿಗೆ ಬಿದ್ದಿತ್ತೆಂದು ನೋಡಿ ಯಮನೂರಪ್ಪ ಕುರ್ಚಿಯಲ್ಲಿ ಹಿಂದಕ್ಕೆ ಒರಗಿದ.

"ಏನಾತಣ್ಣ?" ಎಂದ ಹುಸೇನಸಾಬ.

"ತಿಪ್ಪಿಗೆ ಬಿದ್ದೈತಿ. ಮೂಕರ್ಜಿ ತಿಪ್ಪಿಗೆ."

ಎರಡು ವರ್ಷದ ಕೆಳಗೆ ಕರಿಗಲ್ಲೂರಿಗೆ ಮೂಕರ್ಜಿಯ ರೋಗ ಬಡಿದಿತ್ತು. ಹೆಸರು ಹಾಕದೆ ದೂರು ಬರೆಯುವ ಚಟ ಆ ಜನರಿಗೆ ಊರಿನಿಂದಲೇ ಬಂದದ್ದು. ಅಲ್ಲಿ ತಹಸೀಲ್ದಾರರಿಗೆ ಬರೆಯುತ್ತಿದ್ದರು, ಇಲ್ಲಿ ಕಂಪನಿಗೆ ಬರೆದರು. ನೀರಿನ ಪಾಳಿಯ ಮೇಲೆ, ಹುಸೇನಸಾಬನ ಗೊರಕೆಯ ಮೇಲೆ ಹೆಸರಿಲ್ಲದ ಮೇಲ್‌ಗಳು ಹರಿದಾಡಿದವು. ಕಡೆಗೆ ಒಂದು ಬಂತು: 'ಸಾವಂತ್ರೆವ್ವನ ರೊಟ್ಟಿ ಗಣಿಯ ಚಪ್ಪಡಿಗಿಂತ ದಪ್ಪ. ದಯವಿಟ್ಟು ವಿಚಾರಣೆ ಮಾಡಬೇಕು.' ಪಂಚಾಯಿತಿ ಸೇರಿತು. ಸಾವಂತ್ರೆವ್ವ ಸೆರಗು ಸೊಂಟಕ್ಕೆ ಸಿಗಿಸಿ ಎದ್ದು ನಿಂತಳು. "ಹೆಸರು ಹೇಳಾಕ ಮಾರಿ ಇಲ್ಲದವರ ಕಾಗದ ಈ ಊರಾಗ ಯಾರಿಗೂ ಮುಟ್ಟಬಾರದು," ಎಂದಳು. ಎಲ್ಲರೂ ಕೈ ಎತ್ತಿದರು. ಬರೆದವನೂ ಎತ್ತಿದ್ದ ಎನ್ನುವುದರಲ್ಲಿ ಸಂಶಯವಿಲ್ಲ. ಕಳಿಸಿದವರ ಹೆಸರಿಲ್ಲದ ಯಾವ ಮೇಲ್ ಬಂದರೂ ಪಕ್ಕಕ್ಕೆ ಒಗೆಯುವಂತೆ ಯಮನೂರಪ್ಪ ಅವತ್ತೇ ಜರಡಿಗೆ ಕಟ್ಟಳೆ ಬರೆದ. ಹೆಂಡತಿಯ ರೊಟ್ಟಿಗೆ ಹೆಸರಿಟ್ಟವನ ಮೇಲೆ ಅವನಿಗೂ ಉರಿ ಇತ್ತು. ಅಳಿಸುವುದು ಬೇಡ, ಮುಂದೆಂದಾದರೂ ಕಳ್ಳನನ್ನು ಹಿಡಿಯಲು ಬೇಕಾಗುತ್ತದೆ ಎಂದು ಎಲ್ಲವನ್ನೂ ಒಂದು ಕಡೆ ಗುಡ್ಡೆ ಹಾಕಲು ಪಂಚಾಯಿತಿಯವರು ಹೇಳಿದ್ದರು. ಅದೇ ತಿಪ್ಪೆ.

"ವಾಪಸ್ ಚೀಟಿಗೂ ಮೂಕರ್ಜಿಗೂ ಏನ್ ಸಂಬಂಧಪಾ?"

"ವಾಪಸ್ ಚೀಟಿಗೂ ಕಳಿಸಿದವರ ಹೆಸರು ಇರಂಗಿಲ್ಲ, ಸಾಬ್ರ. ಬೇಕಂತನ ಖಾಲಿ ಬಿಡ್ತಾರ. ನಾನರ ಎಲ್ಲಿ ಲಕ್ಷ್ಯ ಕೊಟ್ಟೀನಿ?" ಯಮನೂರಪ್ಪ ಹಣೆ ಒತ್ತಿಕೊಂಡ. "ನೋಡ್ರಿ, ಬೀಗರನ್ನ ಕಳಸಾಕ ಊರ ಅಗಸಿ ಬಾಗಲಾ ತನಕ ಹೋಗ್ತೀವಿ. 'ನೀವ್ ಒಬ್ಬರ ಹೆಂಗ ಹೋಗ್ತೀರಿ' ಅಂತ ಬೀಗರು ನಮ್ಮನ್ನ ಮನಿ ತನಕ ಕಳಸಾಕ ಬರ್ತಾರ. ನಾವ್ ಮತ್ತ ಅವರನ್ನ ಅಗಸಿಗೆ ಬಿಡಾಕ ಹೋಗ್ತೀವಿ. ಇದು ಮುಗಿಯೋದು ಯಾವಾಗ? ಚೀಟಿಗೂ ಹಂಗ. ಚೀಟಿ ಮ್ಯಾಲೆ ಹೆಸರಿದ್ದು ಆ ಚೀಟಿನೂ ಮುಟ್ಟಲಿಲ್ಲಂದ್ರ ಅದಕ್ಕೊಂದು ಚೀಟಿ, ಅದರ ಚೀಟಿಗೊಂದು ಚೀಟಿ, ಎರಡೂ ಸರ್ವರ್ ಇದರಾಗ ಸಾಯ್ತಾವ. ಅದಕ್ಕ ಹೆಸರಿಲ್ಲದ ಕಳಸ್ತಾರ. ಮುಟ್ಟಿದ್ರ ಮುಟ್ಟಿತು, ಇಲ್ಲಾಂದ್ರ ಅಲ್ಲಿಗೆ ಮುಗೀತು. ನಾವು ಎಲ್ಲಾನೂ ಬಾಗಲದಾಗ ಹಿಡದು ಮೂಕರ್ಜಿ ಅಂತ ತಿಪ್ಪಿಗೆ ಒಗದೀವಿ."

ಹುಸೇನಸಾಬ ಗಡ್ಡ ನೀವಿಕೊಂಡ. "ಅಂದ್ರ ಎರಡು ವರ್ಷದಾಗ ಯಾರ್ ಯಾರಿಗೆ ಬರದದ್ದು ಮುಟ್ಟಿಲ್ಲೋ..."

"ಯಾರಿಗೂ ಗೊತ್ತಾಗಿಲ್ಲ."

ಆ ಮಧ್ಯಾಹ್ನ ತಿಪ್ಪೆಯೊಳಗಿನ ವಾಪಸ್ ಚೀಟಿಗಳನ್ನೆಲ್ಲ ಆರಿಸಿ ಅವರವರಿಗೆ ಬಿಟ್ಟ. ಊಟದ ಮನೆಯಲ್ಲಿ ಒಬ್ಬೊಬ್ಬರ ಕೈಯಲ್ಲೂ ಫೋನು ಗುಂಯ್‌ಗುಡತೊಡಗಿತು. ಮಗ ಮಾತು ಬಿಟ್ಟನೆಂದು ಮುಖ ಗಂಟಿಕ್ಕಿಕೊಂಡಿದ್ದ ಮುದುಕನೊಬ್ಬ, ಮಗನಿಗೆ ತನ್ನ ಪತ್ರವೇ ಮುಟ್ಟಿಲ್ಲವೆಂದು ತಿಳಿದು ಎದ್ದು ಕುಣಿಯಲು ಹೋಗಿ ಚಾವಣಿಗೆ ಬಡಿದ. ಡ್ರಿಲ್ಲಿನ ಕೆಲಸದ ಮಲ್ಲೇಶಿಯ ಕತೆ ಬೇರೆ. ಅವನು ಮಾವನ ಮಗಳಿಗೆ 'ನನ್ನನ್ನು ಲಗ್ನ ಆಗುತ್ತೀಯಾ' ಎಂದು ಬರೆದಿದ್ದ. ಉತ್ತರ ಬಂದಿರಲಿಲ್ಲ. ಹುಡುಗಿ ನಾಚಿಕೊಂಡು ಸುಮ್ಮನಿದ್ದಾಳೆ, ಸುಮ್ಮನಿದ್ದರೆ ಒಪ್ಪಿದ ಹಾಗೆ ಎಂದು ಇಡೀ ಓಣಿಗೆ ಸಕ್ಕರೆ ಹಂಚಿದ್ದ. ಈಗ ಪತ್ರ ಹಾಗೇ ಹೊರಳಿ ಬಂದಿತ್ತು. "ಸಕ್ಕರಿ ವಾಪಸ್ ಕೊಡೋಣೇನೋ?" ಎಂದು ಪಕ್ಕದವರು ಕೇಳಿದರೆ, "ಇಟ್ಕೋರಿ, ಈಗ ಸರಿಯಾದ ವಿಳಾಸಕ್ಕ ಕೇಳ್ತೀನಿ," ಎಂದ.

ಯಮನೂರಪ್ಪ ಒಲೆಯ ಕಡೆ ನೋಡಿದ. ಸಾವಂತ್ರೆವ್ವನ ಫೋನೂ ಗುಂಯ್ ಎಂದಿತ್ತು. ಅಕ್ಕನ ಮೇಲಿನ ಅವಳ ಸಿಟ್ಟು ಇಳಿಯುತ್ತದೆ, ಹೋಗೋಣ ಎನ್ನುತ್ತಾಳೆ ಎಂದು ಅವನು ಒಳಗೊಳಗೇ ಖುಷಿಯಾಗಿ ಹತ್ತಿರ ಹೋದ. ಅವಳು ಹಿಟ್ಟಿನ ಕೈಯಲ್ಲೇ ಫೋನು ಹಿಡಿದು ಕೂತಿದ್ದಳು. ಮುಖದಲ್ಲಿ ರಕ್ತವಿರಲಿಲ್ಲ.

"ಓದ್ರಿ ಇದನ್ನ."

ಒಂದರ ಕೆಳಗೊಂದು ಅವಳ ಪತ್ರಗಳು. ಎಲ್ಲದರ ನೆತ್ತಿಯ ಮೇಲೂ ಒಂದೇ ಸಾಲು: 'ಈ ಹೆಸರಿನವರು ಇಲ್ಲಿ ಇಲ್ಲ.'

"ನಿನ್ನೆ ತನಕ ನನ್ನ ಅಕ್ಕ ಸಿಟ್ಟಿನ್ಯಾಗಾದ್ರೂ ಇದ್ದಳು," ಎಂದಳು ಸಾವಂತ್ರೆವ್ವ. ದನಿ ಸಣ್ಣದಾಗಿತ್ತು. "ನಿಮ್ಮ ಮಷೀನು ಅಕಿ ಇಲ್ಲ ಅಂತ ಬರದು ಕೊಟ್ಟಿತು."

"ಏ ಹುಚ್ಚಿ, ಹಂಗಲ್ಲ ಅದರ ಅರ್ಥ. ಮೇಲ್ ಬೀಳೋ ಡಬ್ಬಿ ಇಲ್ಲ ಅಂತ, ಮನಷಾ ಇಲ್ಲ ಅಂತಲ್ಲ."

"ಡಬ್ಬಿ ಯಾಕ ಇಲ್ಲ ಹಂಗಾರ? ಇದ್ದಿದ್ರ ಡಬ್ಬಿ ಇರ್ತಿರಲಿಲ್ಲೇನು?"

ಅವಳು ಸೊಂಟದ ಪಟ್ಟಿ ಬಿಚ್ಚಿ ಎದ್ದು, ಹಿಟ್ಟನ್ನು ಹಾಗೇ ಬಿಟ್ಟು, ಮನೆಯ ಕಡೆ ನಡೆದಳು. ಹಿಟ್ಟು ಬಿಟ್ಟು ಎದ್ದದ್ದನ್ನು ಅವನು ಮದುವೆಯಾದಾಗಿನಿಂದ ಕಂಡಿರಲಿಲ್ಲ. ಹೊರಗೆ ನೌಕೆ ಆಗಲೇ ಚಂದ್ರನನ್ನು ಸುತ್ತತೊಡಗಿತ್ತು.

ಯಮನೂರಪ್ಪ ಮತ್ತೆ ಗಣಿಯ ಫೋನು ಎತ್ತಿದ. ಈ ಸಲ ಜಗಳದ ದನಿ ಇರಲಿಲ್ಲ.

"ಮೇಡಂ, ನಿಮ್ಮ ಕಾಲು ಬೀಳ್ತೀನಿ ಅಂತ ತಿಳ್ಕೋರಿ. ಇಳಕಲ್ಲಿನ್ಯಾಗ ನೇಕಾರರ ಸಂಘ ಒಂದೈತಿ. ಅಲ್ಲಿ ದುರಗವ್ವ ಅಂತ. ಅಕಿ ಡಬ್ಬಿ ಯಾಕ ಮುಚ್ಚೈತಿ, ನೋಡಿ ಹೇಳ್ರಿ. ಗಣಿ ಕೆಲಸಾ ಅಂತ ಬರಕೋರಿ, ಬೈದ್ರ ನನಗ ಬೈಲಿ."

ಆ ಕಡೆಯಿಂದ ಕೀಲಿಮಣೆಯ ಸದ್ದು ಬಂತು.

"ಒಬ್ಬರದ್ದಲ್ಲ, ಯಮನೂರಪ್ಪನೋರೆ. ಆ ಸಂಘದ ಹಳೇ ಡಬ್ಬಿಗಳೆಲ್ಲ ಮುಚ್ಚಿಹೋಗಿವೆ. ಈಗ ಅಲ್ಲಿ ಮಾತಾಡೋ ಪೆಟ್ಟಿಗೆ ಇಟ್ಟಿದಾರೆ. ಮುಂದೆ ಕೂತು ಮಾತಾಡಿದ್ರೆ ಅದೇ ಧ್ವನಿ ಪತ್ರವಾಗಿ ಹೋಗತ್ತೆ. ಬರೆಯಕ್ಕೆ ಬರದೋರಿಗೂ ಅನುಕೂಲ ಆಗ್ಲಿ ಅಂತ."

"ಹಂಗಾರ ಅಕಿ ಹೊಸಾ ಡಬ್ಬಿ ಯಾವುದು?"

"ಅಲ್ಲೇ ಇರೋದು ತಮಾಷೆ." ವಿನುತಾ ನಗುತ್ತಿದ್ದಳು. "ಪೆಟ್ಟಿಗೆ ಮೊದಲು ನಿಮ್ಮ ಹೆಸರು, ಯಜಮಾನರ ಹೆಸರು ಹೇಳಿ ಅನ್ನತ್ತೆ. ಎರಡೂ ಸೇರಿಸಿ ವಿಳಾಸ ಮಾಡ್ಕೊಳ್ಳತ್ತೆ. ಅಲ್ಲಿನ ಹೆಂಗಸರು ಒಬ್ಬರೂ ಗಂಡನ ಹೆಸರು ಹೇಳಲ್ವಂತೆ. ಒಬ್ಬಾಕೆ ಒಡಪು ಹಾಕಿ, ಪದ್ಯದೊಳಗೆ ಹೆಸರು ಸೇರಿಸಿ ಹೇಳಿದ್ರಂತೆ, ಪೆಟ್ಟಿಗೆಗೆ ತಲೆಬುಡ ತಿಳೀಲಿಲ್ಲ. ಹಾಗಾಗಿ ತುಂಬಾ ಜನಕ್ಕೆ ವಿಳಾಸವೇ ಇಲ್ಲ."

"ವಿಳಾಸ ಇಲ್ಲದ ಮಾತಾಡಿದ್ರ?"

"ಪತ್ರ ಹೋಗತ್ತೆ. ಕಳಿಸಿದವರ ಹೆಸರಿನ ಜಾಗ ಖಾಲಿ ಇರತ್ತೆ, ಅಷ್ಟೇ."

"ಹಲೋ? ಇದೀರಾ?" ಎಂದು ವಿನುತಾ ಭೂಮಿಯಿಂದ ಕೇಳುತ್ತಲೇ ಇದ್ದಳು. ಯಮನೂರಪ್ಪ ಆಗಲೇ ಫೋನು ಕೆಳಗಿಟ್ಟು ತಿಪ್ಪೆ ಕೆದರುತ್ತಿದ್ದ. ಮಧ್ಯಾಹ್ನ ವಾಪಸ್ ಚೀಟಿಗಳನ್ನಷ್ಟೇ ಆರಿಸಿ, ಉಳಿದದ್ದೆಲ್ಲ ಮೂಕರ್ಜಿ ಎಂದು ಹಾಗೇ ಬಿಟ್ಟಿದ್ದ. ನೀರಿನ ಪಾಳಿಯ ದೂರು, ಗೊರಕೆಯ ದೂರು, ರೊಟ್ಟಿಯ ದೂರು. ಅವುಗಳ ನಡುವೆ ಅಕ್ಷರವೇ ಇಲ್ಲದ, ಬರೀ ಧ್ವನಿಯ ಪತ್ರಗಳಿದ್ದವು.

ಮನೆಯಲ್ಲಿ ಸಾವಂತ್ರೆವ್ವ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಅವನು ಏನೂ ಹೇಳದೆ ಫೋನನ್ನು ಅವಳ ಕಿವಿಯ ಹತ್ತಿರ ಇಟ್ಟು ಒತ್ತಿದ.

"ಏ ಸಾವಂತ್ರಿ, ನಾನವಾ," ಎಂದಿತು ಫೋನು. ಹಿಂದೆ ಮಗ್ಗಗಳ ಖಟಪಟ. "ಈ ಪೆಟ್ಟಿಗಿ ಮುಂದ ಕುಂತು ಮಾತಾಡು ಅಂತಾರ, ಮಾತಾಡಾಕತ್ತೀನಿ. ಹೋದ ಸಲಾನೂ ಮಾತಾಡಿದ್ದೆ. ನೀ ಉತ್ತರಾ ಕೊಡಂಗಿಲ್ಲ. ಕೊಡಬ್ಯಾಡ. ನಿಂದು ಅಪ್ಪನ ಸಿಟ್ಟು, ನನಗ ಗೊತ್ತೈತಿ. ಬಾಗಲಾ ಹಾಕ್ಕೊಂಡೆ ಅಂತ ಬೈಕೊಂಡು ಹೋಗಿರಬೇಕು ನೀ. ನಾ ಹಿತ್ತಲ ಬಾಗಲದಿಂದ ಬಸ್‌ಸ್ಟ್ಯಾಂಡಿಗೆ ಬಂದಿದ್ದೆ. ನಿನ್ನ ಉಡಿಗೆ ಹಾಕೋ ಅಕ್ಕಿ ಸೆರಗಿನ್ಯಾಗ ಕಟ್ಕೊಂಡಿದ್ದೆ. ಕಬ್ಬಿನ ಹಾಲಿನ ಅಂಗಡಿ ಮರೀಗೆ ನಿಂತೆ, ಕಾಲು ಮುಂದ ಬರಲಿಲ್ಲ. ಮನಿಗೆ ಹೋಗಿ ಅದ ಅಕ್ಕಿದು ಅನ್ನಾ ಮಾಡಿ ಅತ್ಕೊಂತ ಉಂಡೆ. ಈಗ ಹುಣ್ಣಿಮಿ ದಿನಾ ಎಲ್ಲಾರೂ ಅಂಗಳದಾಗ ಕುಂತ್ರ ನಾ ಒಳಗ ಇರ್ತೀನಿ. ಆ ಚಂದ್ರನ ಮಾರಿ ನೋಡಾಕ ನನಗ ಸಿಟ್ಟು. ಮಗ್ಗದ ಮ್ಯಾಲೆ ನಿನಗೊಂದು ಸೀರಿ ಹಾಕೀನಿ. ಯಾರ್ ಕೇಳಿದ್ರೂ ಕೊಟ್ಟಿಲ್ಲ. ಬಂದು ಉಟ್ಕೊಂಡ್ ಹೋಗು. ಮಾತಾಡಬ್ಯಾಡ ಬೇಕಾದ್ರ. ಉಟ್ಕೊಂಡ್ ಹೋಗು ಸಾಕು."

ಅದು ಮುಗಿಯಿತು. ಸಾವಂತ್ರೆವ್ವ ಮತ್ತೊಮ್ಮೆ ಹಚ್ಚಲು ಹೇಳಿದಳು. ಮತ್ತೊಮ್ಮೆ. ಅಳು ತುಂಬಾ ಹೊತ್ತಿನ ಮೇಲೆ ನಿಂತಿತು. ಚಂದ್ರನ ಮೇಲೆ ಕಣ್ಣೀರು ಸರಕ್ಕನೆ ಇಳಿಯುವುದಿಲ್ಲ, ಕೆನ್ನೆಯ ಮೇಲೆ ದುಂಡಗೆ ಕೂತುಬಿಡುತ್ತದೆ. ಯಮನೂರಪ್ಪ ತನ್ನ ಟವೆಲ್ಲಿನಿಂದ ಒರೆಸಿದ.

"ಇದಕ್ಕ ಉತ್ತರಾ ಹೆಂಗ ಬರೆಯೋದ್ರಿ?"

"ಬರ್ಯಾಕ ಬರಂಗಿಲ್ಲ. ಹೆಸರಿಲ್ಲದ ಪತ್ರಕ್ಕ ಉತ್ತರಾ ಹೋಗಂಗಿಲ್ಲ. ವಿನುತಾ ಮೇಡಂಗೆ ಹೇಳಿ, ನಿಮ್ಮ ಅಕ್ಕನ ಗಂಡ ಕಳಕಪ್ಪನ ಹೆಸರು ನಾನ ಹೇಳಿ, ಒಂದು ಡಬ್ಬಿ ಮಾಡಿಸ್ತೀನಿ. ನಾಕು ದಿನ ತಡಿ."

"ಬ್ಯಾಡ." ಅವಳು ಎದ್ದು ಕೂತು ಸೆರಗು ಸರಿಮಾಡಿಕೊಂಡಳು. "ಎರಡು ವರ್ಷ ಕಾದೀನಿ ಡಬ್ಬಿ ನಂಬಿ. ಉತ್ತರಾ ನಾನ ಹೋಗಿ ಕೊಡ್ತೀನಿ. ನಡೀರಿ ದವಾಖಾನಿಗೆ."

ಡಾಕ್ಟರು ಹೋಗುವವರ ಪಟ್ಟಿಗೆ ಇಬ್ಬರನ್ನೂ ಸೇರಿಸಿಕೊಂಡರು. ಆದರೆ ಎದೆಗೂ ತೊಡೆಗೂ ಕಲ್ಲಿನ ಪುಡಿ ತುಂಬಿದ ಚೀಲ ಕಟ್ಟಿಕೊಂಡು ದಿನಾ ನಡೆಯಬೇಕೆಂದು ತಾಕೀತು ಮಾಡಿದರು. ಭೂಮಿಯ ಭಾರ ಮೊದಲೇ ರೂಢಿಯಾಗಬೇಕು.

ಯಮನೂರಪ್ಪ ಜರಡಿಯ ಕಟ್ಟಳೆ ಕಿತ್ತು ಹಾಕಿದ. ಮೂಕರ್ಜಿ ಬಂದರೆ ಬರಲಿ, ಓದಿ ನಕ್ಕುಬಿಟ್ಟರಾಯಿತು ಎಂದು ಪಂಚಾಯಿತಿಯಲ್ಲಿ ಹುಸೇನಸಾಬನೇ ಹೇಳಿದ. ಬಾಗಿಲು ತೆರೆದ ಮರುದಿನವೇ ಒಂದು ಬಂತು: 'ಸಾವಂತ್ರೆವ್ವ ಭೂಮಿಗೆ ಹೋಗುವುದನ್ನು ತಡೆಯಬೇಕು. ಅವಳು ಹೋದರೆ ನಮಗೆ ರೊಟ್ಟಿ ಯಾರು ಬಡಿಯುತ್ತಾರೆ? ದಪ್ಪ ಇದ್ದರೂ ಅಡ್ಡಿಯಿಲ್ಲ.' ಸಾವಂತ್ರೆವ್ವ ಅದನ್ನು ಓದಿ, "ಕಳ್ಳ ಯಾರಂತ ಗೊತ್ತಾದ್ರ ಅವಂಗ ಎರಡು ರೊಟ್ಟಿ ಹೆಚ್ಚಿಗಿ ಹಾಕ್ತಿದ್ದೆ," ಎಂದಳು.

ನೌಕೆ ಹೊರಡುವ ಹಿಂದಿನ ದಿನ ಗಂಡಹೆಂಡತಿ ಚೀಲ ಕಟ್ಟಿಕೊಂಡು ಓಣಿಯುದ್ದಕ್ಕೂ ನಡೆಯುತ್ತಿದ್ದರು. ಸಾವಂತ್ರೆವ್ವನ ಮುಖದಲ್ಲಿ ಬೆವರು ಇಳಿದಿತ್ತು. ಎದೆ ತಿದಿಯ ಹಾಗೆ ಏರಿಳಿಯುತ್ತಿತ್ತು.

"ಸ್ವಲ್ಪ ಕುಂದ್ರು," ಎಂದ ಯಮನೂರಪ್ಪ. "ಇಷ್ಟು ಸಾಕು ಇವತ್ತಿಗೆ. ಅಲ್ಲಿ ಹೋಗಿ ಅಕಿ ಮುಂದ ಓಡೋದೇನೈತಿ ನಿನಗ?"

"ಓಡಾಕಲ್ರಿ." ಅವಳು ಗೋಡೆ ಹಿಡಿದು ಎರಡು ಉಸಿರು ಎಳೆದುಕೊಂಡಳು. "ಕಬ್ಬಿನ ಹಾಲಿನ ಅಂಗಡಿ ಮರೀಗೆ ನಿಂತಳಂತ. ನಿಂತು ನೋಡಿದಳಂತ, ಕರೀಲಿಲ್ಲಂತ. ಅಕಿನ್ನ ಬೈಯಾಕ ಎಷ್ಟು ಉಸಿರು ಬೇಕು ಗೊತ್ತೇನು ನಿಮಗ?"

ಮತ್ತೆ ಚೀಲ ಬಿಗಿದುಕೊಂಡು ಓಣಿಯ ಆ ತುದಿಗೆ ಹೊರಟಳು.